ಹರಳು ಮೊದಲೋ, ರಂಧ್ರ ಮೊದಲೋ

ನನ್ನ ಮೇಜಿನ ಡ್ರಾಯರಿನಲ್ಲಿ ಅಂಗಿಯ ಗುಂಡಿಯಷ್ಟು ಗಾತ್ರದ, ಹಾಲುಬಿಳುಪಿನ, ಉಗುರು ನಾಟದಷ್ಟು ಗಟ್ಟಿಯಾದ ಒಂದು ಬಿಲ್ಲೆಯಿದೆ. ಹನ್ನೊಂದು ವರ್ಷಗಳ ಹಿಂದೆ, ಸಂಶೋಧನಾ ವಿದ್ಯಾರ್ಥಿಯಾಗಿ ಸೇರಿದ ಹೊಸತರಲ್ಲಿ, ಒಂದು ಸಂಜೆ ಅದನ್ನು ಒವನ್ನಿನೊಳಗೆ ಇಡುವಾಗ ಅದು ಹತ್ತು ರೂಪಾಯಿ ನಾಣ್ಯಕ್ಕಿಂತ ಅಗಲವಾಗಿತ್ತು, ಮಂಡಕ್ಕಿಯಷ್ಟು ಹಗುರವಾಗಿತ್ತು, ಮೈತುಂಬ ರಂಧ್ರಗಳನ್ನು ಹೊಂದಿತ್ತು. ಪಾಲಿಲ್ಯಾಕ್ಟಿಕ್ ಆಸಿಡ್, ಅಂದರೆ ಪಿಎಲ್‌ಎ, ಎಂಬ ಪಾಲಿಮರಿನಿಂದ ಮಾಡಿದ ಸ್ಪಂಜು ಅದು. ಮೂಳೆಯ ಜೀವಕೋಶಗಳು ಆ ರಂಧ್ರಗಳೊಳಗೆ ಹಬ್ಬಿಕೊಂಡು ಬೆಳೆಯಬೇಕು, ಅವು ತಮ್ಮ ಕಾಲ ಮೇಲೆ ತಾವು ನಿಲ್ಲುವ ಹೊತ್ತಿಗೆ ಪಾಲಿಮರ್ ಕರಗಿ ಹೋಗಬೇಕು ಎಂಬುದು ಉದ್ದೇಶ. ಒತ್ತಿದರೆ ತಗ್ಗು ಬೀಳುವಷ್ಟು ದುರ್ಬಲವಾಗಿದ್ದ ಅದರ ಗೋಡೆಗಳಲ್ಲಿ ಹರಳುಗಟ್ಟಿಸಿದರೆ ಬಲ ಬರುತ್ತದೆ ಎಂದು ಓದಿ ತಿಳಿದಿದ್ದ ನಾನು, 110 ಡಿಗ್ರಿ ಸೆಲ್ಸಿಯಸ್‌ನಲ್ಲಿ ರಾತ್ರಿಯಿಡೀ ಬಿಟ್ಟು ಮನೆಗೆ ಹೋದೆ. ಬೆಳಿಗ್ಗೆ ಬಂದು ನೋಡಿದರೆ ಹರಳು ಬಂದಿತ್ತು, ಸ್ಪಂಜು ಹೋಗಿತ್ತು.

ಪುಸ್ತಕ ಸುಳ್ಳು ಹೇಳಿರಲಿಲ್ಲ. ಪಿಎಲ್‌ಎ ಅತ್ಯಂತ ವೇಗವಾಗಿ ಹರಳುಗಟ್ಟುವುದು 105ರಿಂದ 110 ಡಿಗ್ರಿಯ ಆಸುಪಾಸಿನಲ್ಲಿಯೇ. ಆದರೆ ಆ ಮಾತು ಗಟ್ಟಿ ಪಟ್ಟಿಗೆ ಅನ್ವಯಿಸುವಷ್ಟು ಸಲೀಸಾಗಿ ರಂಧ್ರಗಳಿರುವ ವಸ್ತುವಿಗೆ ಅನ್ವಯಿಸುವುದಿಲ್ಲ. ಈ ಕ್ಷೇತ್ರಕ್ಕೆ ಹೊಸಬರಾಗಿ ಬರುವ ವಿದ್ಯಾರ್ಥಿಗಳು ಮೊದಲು ಕೇಳುವುದು ಹರಳಿನ ಪ್ರಮಾಣ ಶೇಕಡಾ ಎಷ್ಟಿರಬೇಕು ಎಂದು. ನಾನು ಅವರಿಗೆ ತಿರುಗಿ ಕೇಳುವ ಪ್ರಶ್ನೆ, ಆ ಹರಳು ಯಾವಾಗ ಬರಬೇಕು ಎಂದು: ರಂಧ್ರ ಆಗುವ ಮುಂಚೆಯೋ, ಆಗುತ್ತಿರುವಾಗಲೋ, ಆದ ಮೇಲೋ. ಶೇ 20ರಷ್ಟು ಹರಳಿರುವ ಎರಡು ಸ್ಪಂಜುಗಳಲ್ಲಿ ಒಂದು ಮೂಳೆಯೊಳಗೆ ಇಡಲು ತಕ್ಕದ್ದಾಗಿರಬಹುದು, ಇನ್ನೊಂದು ನನ್ನ ಡ್ರಾಯರಿಗೆ ತಕ್ಕದ್ದಾಗಿರಬಹುದು.

ಪಾಲಿಮರಿನ ಹರಳು ಕಲ್ಲುಸಕ್ಕರೆಯ ಹರಳಿನಂತೆ ಅಂಚಿನಿಂದ ಅಂಚಿಗೆ ಹರಳೇ ಆಗಿರುವುದಿಲ್ಲ. ಸಾವಿರಾರು ಘಟಕಗಳ ಉದ್ದನೆಯ ಸರಪಳಿ ಮಡಿಕೆ ಮಡಿಕೆಯಾಗಿ ಕೂತು ಹತ್ತು ನ್ಯಾನೋಮೀಟರಿನಷ್ಟು ದಪ್ಪದ ಹಾಳೆಯಾಗುತ್ತದೆ. ಹಾಳೆ ಹಾಳೆಗಳ ನಡುವೆ ಮಡಿಕೆಗೆ ಸೇರದ, ಗೋಜಲಾಗಿಯೇ ಉಳಿದ ಭಾಗವಿರುತ್ತದೆ. ಇಂಥ ಹಾಳೆಗಳು ಒಂದು ಬೀಜದಿಂದ ಹೊರಟು ಎಲ್ಲ ದಿಕ್ಕಿಗೂ ಬೆಳೆದು ಗೋಳವಾದಾಗ ಅದಕ್ಕೆ ಸ್ಫೆರುಲೈಟ್ ಎನ್ನುತ್ತೇವೆ. ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕದಲ್ಲಿ ಅದು ನಡುವೆ ಕಪ್ಪು ಶಿಲುಬೆಯಿರುವ ಹೊಳೆಯುವ ಹೂವಿನಂತೆ ಕಾಣುತ್ತದೆ. ಶುದ್ಧ ಎಲ್ ರೂಪದ (ಈ ರೂಪದ ಮಾತು ಮುಂದೆ ಬರುತ್ತದೆ) ಪಿಎಲ್‌ಎ ಸುಮಾರು 60 ಡಿಗ್ರಿಯವರೆಗೆ ಗಾಜಿನಂತೆ ಬಿಗಿಯಾಗಿರುತ್ತದೆ, 170ರಿಂದ 180ರ ನಡುವೆ ಕರಗುತ್ತದೆ. ಇವೆರಡರ ನಡುವಿನ ಅವಕಾಶದಲ್ಲಿ ಮಾತ್ರ ಹರಳು ಕಟ್ಟಲು ಸಾಧ್ಯ. 60ರ ಹತ್ತಿರ ಬೀಜಗಳೇನೋ ಸುಲಭವಾಗಿ ಹುಟ್ಟುತ್ತವೆ, ಆದರೆ ಸರಪಳಿಗಳಿಗೆ ಅಲುಗಾಡಿ ಬಂದು ಕೂರಲು ಆಗುವುದಿಲ್ಲ. ಕರಗುವ ತಾಪಮಾನದ ಹತ್ತಿರ ಸರಪಳಿಗಳು ಚುರುಕಾಗಿ ಓಡಾಡುತ್ತವೆ, ಆದರೆ ಬೀಜ ನಿಲ್ಲುವುದಿಲ್ಲ. ನಡುವೆ ಎಲ್ಲೋ ಎರಡೂ ಒದಗಿಬರುವ ಹದ ಸಿಗುತ್ತದೆ.

ಇಷ್ಟರಲ್ಲೇ ನನ್ನ ತಪ್ಪು ಏನೆಂದು ತಿಳಿಯುತ್ತದೆ. ರಂಧ್ರಗಳು ಆಗಲೇ ಸಿದ್ಧವಾಗಿದ್ದ, ಹರಳಿನ ಅಂಶವೇ ಇಲ್ಲದ ಸ್ಪಂಜನ್ನು ನಾನು 60 ಡಿಗ್ರಿ ದಾಟಿಸಿದೆ. ದಾಟಿದ ಕೂಡಲೇ ಗೋಡೆಗಳು ಮೇಣದಂತೆ ಮೆತ್ತಗಾದವು. ಮೇಲ್ಮೈ ಕಡಿಮೆ ಮಾಡಿಕೊಳ್ಳುವ ಸ್ವಭಾವ ಎಲ್ಲ ಮೆದು ವಸ್ತುಗಳಿಗೂ ಇರುವುದರಿಂದ, ತೆಳುವಾದ ಗೋಡೆಗಳು ಒಂದಕ್ಕೊಂದು ಅಂಟಿಕೊಂಡು ಕುಸಿದವು. ಹರಳು ಬಂದು ಅವುಗಳನ್ನು ಹಿಡಿದು ನಿಲ್ಲಿಸುವ ಹೊತ್ತಿಗೆ ಹಿಡಿಯಲು ಗೋಡೆಯೇ ಉಳಿದಿರಲಿಲ್ಲ. ಕುಸಿತಕ್ಕೂ ಹರಳಿಗೂ ನಡೆದ ಓಟದಲ್ಲಿ ಕುಸಿತ ಗೆದ್ದಿತ್ತು.

ಹರಳು ಅಷ್ಟು ನಿಧಾನವಾಗಿ ಬಂದದ್ದಕ್ಕೆ ಇನ್ನೊಂದು ಕಾರಣವಿತ್ತು, ಅದು ನನಗೆ ಗೊತ್ತಾದದ್ದು ಪಾಲಿಮರ್ ಚೀಲದ ಮೇಲಿನ ಚೀಟಿಯನ್ನು ತಡವಾಗಿ ಓದಿದಾಗ. ಲ್ಯಾಕ್ಟಿಕ್ ಆಮ್ಲಕ್ಕೆ ಎಡಗೈ ಬಲಗೈಗಳಂತೆ ಪರಸ್ಪರ ಪ್ರತಿಬಿಂಬವಾದ ಎರಡು ರೂಪಗಳಿವೆ, ಎಲ್ ಮತ್ತು ಡಿ. ಎಲ್ ಮಾತ್ರವೇ ಇರುವ ಸರಪಳಿ ಚೆನ್ನಾಗಿ ಮಡಿಕೆಯಾಗಿ ಕೂರುತ್ತದೆ. ನಡುನಡುವೆ ಡಿ ಘಟಕಗಳು ಬಂದರೆ ಮಡಿಕೆ ಅಲ್ಲಲ್ಲಿ ತಪ್ಪುತ್ತದೆ. ಡಿ ಅಂಶ ಶೇ 10ರಿಂದ 12 ದಾಟಿದರೆ ಹರಳು ಕಟ್ಟುವುದೇ ಇಲ್ಲ. ನನ್ನ ಚೀಲದಲ್ಲಿದ್ದದ್ದು ಶೇ 4ರ ಸುಮಾರು ಡಿ ಇದ್ದ ಸಾಮಾನ್ಯ ದರ್ಜೆಯ ಪಿಎಲ್‌ಎ. ಅಡುಗೆಮನೆಯಲ್ಲಿ ಸಕ್ಕರೆ ಪಾಕಕ್ಕೆ ನಾಲ್ಕು ಹನಿ ನಿಂಬೆರಸ ಹಿಂಡುವುದು ಇದೇ ತಂತ್ರ. ನಿಂಬೆಯ ಹುಳಿ ಸಕ್ಕರೆಯ ಒಂದು ಪಾಲನ್ನು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆಯುತ್ತದೆ, ಆಕಾರ ಹೊಂದದ ಆ ಅಣುಗಳು ನಡುವೆ ಸೇರಿಕೊಂಡು ಹರಳುಗಟ್ಟದಂತೆ ತಡೆಯುತ್ತವೆ. ಪಾಕ ಹರಳಾಗಬಾರದು ಎಂದಿದ್ದರೆ ನಿಂಬೆ ಹಿಂಡಬೇಕು, ಹರಳು ಬೇಕು ಎಂದಿದ್ದರೆ ನಿಂಬೆಯನ್ನು ದೂರವಿಡಬೇಕು. ನಾನು ನಿಂಬೆ ಹಿಂಡಿದ ಪಾಕವನ್ನು ಕಾಯಿಸುತ್ತ ಕಲ್ಲುಸಕ್ಕರೆಗೆ ಕಾದಿದ್ದೆ.

ಸರಿಯಾದ ಕ್ರಮವನ್ನು 1990ರ ದಶಕದ ಮೊದಲ ಭಾಗದಲ್ಲೇ ಅಮೆರಿಕದಲ್ಲಿ ಆಂಟೋನಿಯೋಸ್ ಮೈಕೋಸ್, ರಾಬರ್ಟ್ ಲ್ಯಾಂಗರ್ ಮತ್ತು ಸಂಗಡಿಗರು ತೋರಿಸಿಕೊಟ್ಟಿದ್ದರು. ಅವರ ವಿಧಾನದಲ್ಲಿ ರಂಧ್ರ ಮಾಡುವುದು ಉಪ್ಪು, ನಮ್ಮ ಅಡುಗೆಯ ಉಪ್ಪೇ. ಜರಡಿ ಹಿಡಿದು ಒಂದೇ ಗಾತ್ರಕ್ಕೆ ತಂದ ಉಪ್ಪಿನ ಹರಳುಗಳನ್ನು ಕ್ಲೋರೋಫಾರ್ಮ್‌ನಂಥ ದ್ರಾವಕದಲ್ಲಿ ಕರಗಿಸಿದ ಪಾಲಿಮರಿಗೆ ಬೆರೆಸಿ ತಟ್ಟೆಗೆ ಹುಯ್ಯುತ್ತಾರೆ. ದ್ರಾವಕ ಆರಿದ ಮೇಲೆ ಉಪ್ಪೂ ಪಾಲಿಮರೂ ಸೇರಿದ ಬಿಲ್ಲೆ ಉಳಿಯುತ್ತದೆ. ಅದನ್ನು ನೀರಿನಲ್ಲಿ ನೆನೆಹಾಕಿದರೆ ಉಪ್ಪು ಕರಗಿ ಹೋಗಿ, ಅದು ಇದ್ದ ಜಾಗವೆಲ್ಲ ರಂಧ್ರವಾಗುತ್ತದೆ. ಹರಳಿನ ವಿಷಯದಲ್ಲಿ ಅವರ ಜಾಣತನ ಇರುವುದು ಕಾಯಿಸುವ ಹೊತ್ತಿನಲ್ಲಿ: ಉಪ್ಪು ಇನ್ನೂ ಒಳಗಿರುವಾಗಲೇ ಬಿಲ್ಲೆಯನ್ನು ಕಾಯಿಸಿ, ಬೇಕಾದ ವೇಗದಲ್ಲಿ ತಣಿಸಿ, ಬೇಕಾದಷ್ಟು ಹರಳನ್ನು ತರಿಸಿ, ಆಮೇಲೆ ಉಪ್ಪನ್ನು ತೊಳೆದರು. ಉಪ್ಪು ಕರಗುವುದು 801 ಡಿಗ್ರಿಯಲ್ಲಾದ್ದರಿಂದ ಪಾಲಿಮರನ್ನು ಪೂರ್ತಿ ಕರಗಿಸಿದರೂ ಅದು ಮಿಸುಕುವುದಿಲ್ಲ, ಒಳಗಿನಿಂದ ಅಚ್ಚಿನಂತೆ ಆಕಾರವನ್ನು ಹಿಡಿದು ನಿಲ್ಲುತ್ತದೆ. ನಿಧಾನವಾಗಿ ತಣಿಸಿದರೆ ಹರಳಿರುವ ಸ್ಪಂಜು, ಥಟ್ಟನೆ ತಣಿಸಿದರೆ ಹರಳಿಲ್ಲದ ಸ್ಪಂಜು. ಎರಡರಲ್ಲೂ ರಂಧ್ರಗಳು ಅವೇ. ಹೀಗೆ ಹರಳಿನ ಲೆಕ್ಕವನ್ನೂ ರಂಧ್ರದ ಲೆಕ್ಕವನ್ನೂ ಬೇರೆ ಬೇರೆ ಮಾಡಿಕೊಂಡದ್ದೇ ಆ ವಿಧಾನದ ಹೆಚ್ಚುಗಾರಿಕೆ. ಶೇ 90 ಉಪ್ಪು ಹಾಕಿದರೆ ರಂಧ್ರ ಎಷ್ಟಾಗುತ್ತದೆ ಎಂಬುದನ್ನು ಕಾಗದದ ತುಂಡಿನ ಮೇಲೆ ಲೆಕ್ಕ ಹಾಕಬಹುದು. 90 ಗ್ರಾಂ ಉಪ್ಪಿಗೆ ಸುಮಾರು 41.5 ಘನ ಸೆಂಟಿಮೀಟರ್, 10 ಗ್ರಾಂ ಪಾಲಿಮರಿಗೆ ಸುಮಾರು 8 ಘನ ಸೆಂಟಿಮೀಟರ್, ಆದ್ದರಿಂದ ಉಪ್ಪು ಹೋದ ಮೇಲೆ ಉಳಿಯುವ ಬರಿ ಜಾಗ ಶೇ 84ರ ಹತ್ತಿರ. ತೂಕದಲ್ಲಿ ತೊಂಬತ್ತು, ಜಾಗದಲ್ಲಿ ಎಂಬತ್ನಾಲ್ಕು ಎಂಬ ಈ ವ್ಯತ್ಯಾಸವನ್ನು ಮರೆತು ಬರೆದ ಪ್ರಬಂಧಗಳನ್ನು ನಾನು ಪರಿಶೀಲನೆಯಲ್ಲಿ ಒಂದಕ್ಕಿಂತ ಹೆಚ್ಚು ಸಲ ಕಂಡಿದ್ದೇನೆ.

ಉಪ್ಪಿನ ಕಣಗಳ ನಡುವೆ ಇಕ್ಕಟ್ಟಿನಲ್ಲಿ ಬೆಳೆಯುವ ಹರಳಿಗೆ ಬಯಲಿನಲ್ಲಿ ಬೆಳೆಯುವ ಹರಳಿನ ಸ್ವಾತಂತ್ರ್ಯವಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು. ಗಟ್ಟಿ ಹಾಳೆಯಲ್ಲಿ ನೂರು ಮೈಕ್ರೋಮೀಟರ್ ಅಗಲ ಹಬ್ಬಬಲ್ಲ ಸ್ಫೆರುಲೈಟ್, ಕೆಲವೇ ಮೈಕ್ರೋಮೀಟರ್ ದಪ್ಪದ ಗೋಡೆಯಲ್ಲಿ ಗೋಳವಾಗಲು ಎಡೆ ಸಿಗದೆ ಚಪ್ಪಟೆಯಾಗಿ ಹರಡುತ್ತದೆ, ಇಲ್ಲವೇ ಅರ್ಧಕ್ಕೇ ನಿಲ್ಲುತ್ತದೆ. ಆದ್ದರಿಂದ ಗಟ್ಟಿ ಹಾಳೆಯಲ್ಲಿ ಅಳೆದು ಪಡೆದ ಕಾಲಾವಧಿಗಳನ್ನು ಸ್ಪಂಜಿಗೆ ಹಾಗೆಯೇ ಎತ್ತಿ ಹಾಕುವುದು ಅಪಾಯ.

ಇನ್ನು, ಹರಳು ಬಂದಿದೆಯೋ ಇಲ್ಲವೋ ಎಂದು ಕಣ್ಣಿನಿಂದ ತಿಳಿಯಲು ಸ್ಪಂಜು ಬಿಡುವುದಿಲ್ಲ. ಪಾರದರ್ಶಕವಾದ ಪಿಎಲ್‌ಎ ಹಾಳೆ ಹರಳುಗಟ್ಟಿದಾಗ ಬೆಳ್ಳಗಾಗುತ್ತದೆ, ಮಂಜು ಕವಿದಂತೆ. ಬಿಸಿ ಕಾಫಿ ಹುಯ್ದರೆ ಸೊಟ್ಟಗಾಗುವ ಪಾರದರ್ಶಕ ಪಿಎಲ್‌ಎ ಲೋಟಕ್ಕೂ, ಬಿಸಿ ತಡೆಯುವ ಬಿಳಿಯ ಪಿಎಲ್‌ಎ ಮುಚ್ಚಳಕ್ಕೂ ಇರುವ ಮುಖ್ಯ ವ್ಯತ್ಯಾಸ ಹರಳೇ. ಆದರೆ ಸ್ಪಂಜು ರಂಧ್ರಗಳ ಕಾರಣದಿಂದ ಹುಟ್ಟುವಾಗಲೇ ಬೆಳ್ಳಗಿರುತ್ತದೆ. ಹೀಗಾಗಿ ನಾವೆಲ್ಲ ಡಿಎಸ್‌ಸಿ (ಡಿಫರೆನ್ಷಿಯಲ್ ಸ್ಕ್ಯಾನಿಂಗ್ ಕ್ಯಾಲೊರಿಮೀಟರ್) ಎಂಬ, ಶಾಖ ಅಳೆಯುವ ಯಂತ್ರದ ಮೊರೆಹೋಗುತ್ತೇವೆ. ಐದು ಮಿಲಿಗ್ರಾಂ ತುಂಡನ್ನು ಅಲ್ಯೂಮಿನಿಯಂ ತಟ್ಟೆಯಲ್ಲಿಟ್ಟು ಒಂದೇ ವೇಗದಲ್ಲಿ ಕಾಯಿಸುತ್ತ ಹೋದರೆ, ಹರಳು ಕರಗುವಾಗ ಎಷ್ಟು ಶಾಖ ಹೀರಿತು ಎಂಬುದನ್ನು ಅದು ಗೆರೆ ಎಳೆದು ತೋರಿಸುತ್ತದೆ. ಪೂರ್ತಿ ಹರಳಾದ ಪಿಎಲ್‌ಎ ಗ್ರಾಂ ಒಂದಕ್ಕೆ 93 ಜೂಲ್ ಹೀರುತ್ತದೆ ಎಂಬ ಲೆಕ್ಕ ವಾಡಿಕೆಯಲ್ಲಿದೆ, ಅದರಿಂದ ಭಾಗಿಸಿದರೆ ಪ್ರಮಾಣ ಬರುತ್ತದೆ. ಇಲ್ಲೊಂದು ಗುಂಡಿಯಿದೆ, ನೋಡಿ. ಯಂತ್ರ ಕಾಯಿಸುತ್ತಿರುವಾಗಲೇ, 100 ಡಿಗ್ರಿಯ ಸುತ್ತಮುತ್ತ, ಅದುವರೆಗೆ ಗೋಜಲಾಗಿದ್ದ ಸರಪಳಿಗಳು ಹೊಸದಾಗಿ ಹರಳುಗಟ್ಟಿ ಶಾಖ ಬಿಡುತ್ತವೆ. ಕರಗುವಾಗ 42 ಜೂಲ್ ಹೀರಿತು, ಆದರೆ ಅದಕ್ಕೂ ಮೊದಲು 28 ಜೂಲ್ ಬಿಟ್ಟಿತ್ತು ಎಂದಿಟ್ಟುಕೊಳ್ಳೋಣ. ಮೊದಲೇ ಇದ್ದ ಹರಳಿನ ಪಾಲು 14 ಜೂಲ್ ಮಾತ್ರ, ಅಂದರೆ ಶೇ 15. ಕಳೆಯುವುದನ್ನು ಮರೆತವರು ಶೇ 45 ಎಂದು ಬರೆದು, ತಮ್ಮ ಸ್ಪಂಜು ಬಿಸಿನೀರಿನಲ್ಲಿ ಯಾಕೆ ಕುಗ್ಗಿತು ಎಂದು ತಲೆ ಕೆರೆದುಕೊಳ್ಳುತ್ತಾರೆ. 93 ಎಂಬ ಅಂಕಿಯನ್ನೂ ಕಣ್ಣುಮುಚ್ಚಿ ನಂಬುವ ಹಾಗಿಲ್ಲ. 120 ಡಿಗ್ರಿಗಿಂತ ಮೇಲೆ ಕಟ್ಟುವ ಬಿಗಿಯಾದ ಆಲ್ಫಾ ರೂಪಕ್ಕೆ ಅದು ಹೊಂದುತ್ತದೆ. 100ಕ್ಕಿಂತ ಕೆಳಗೆ ಕಟ್ಟುವ, ಸ್ವಲ್ಪ ಸಡಿಲವಾದ ಆಲ್ಫಾ ಪ್ರೈಮ್ ರೂಪ ಕರಗಲು ಅಷ್ಟು ಶಾಖ ಬೇಡ. ಸ್ಪಂಜಿನ ತುಂಡು ತಟ್ಟೆಯಲ್ಲಿ ಸರಿಯಾಗಿ ಕೂರುವುದಿಲ್ಲ ಎಂದು ಅದನ್ನು ಇಕ್ಕಳದಿಂದ ಬಲವಾಗಿ ಅದುಮಿ ತುರುಕುವ ಅಭ್ಯಾಸ ಬಹಳ ಪ್ರಯೋಗಶಾಲೆಗಳಲ್ಲಿದೆ, ನಮ್ಮಲ್ಲೂ ಇತ್ತು. ಒತ್ತಿ ಎಳೆದ ಗೋಡೆಯಲ್ಲಿ ಸರಪಳಿಗಳು ಸಾಲುಗಟ್ಟುವುದರಿಂದ ಹರಳುಗಟ್ಟುವಿಕೆ ಇನ್ನೂ ಕೆಳಗಿನ ತಾಪಮಾನದಲ್ಲೇ ಶುರುವಾಗಿ, ಅಳತೆಯೇ ತಪ್ಪುತ್ತದೆ. ಚೂಪಾದ ಬ್ಲೇಡಿನಿಂದ ತೆಳ್ಳಗೆ ಹೆಚ್ಚಿ ಇಡುವುದು ವಾಸಿ.

ಹರಳೂ ರಂಧ್ರವೂ ಒಟ್ಟಿಗೇ ಹುಟ್ಟುವ ವಿಧಾನದ ಕಡೆಗೆ ಬಂದರೆ ವಿಷಯ ನಿಜಕ್ಕೂ ಬಿಸಿಯೇರುತ್ತದೆ. ದ್ರಾವಕವೇ ಬೇಡ, ಇಂಗಾಲದ ಡೈಆಕ್ಸೈಡನ್ನು ಒತ್ತಡದಲ್ಲಿ ಪಾಲಿಮರಿನೊಳಗೆ ತೂರಿಸಿ, ಒತ್ತಡವನ್ನು ತಟ್ಟನೆ ಇಳಿಸಿದರೆ ಸೋಡಾ ಬಾಟಲಿ ತೆರೆದಂತೆ ಗುಳ್ಳೆ ಏಳುತ್ತದೆ. 1996ರಲ್ಲಿ ಡೇವಿಡ್ ಮೂನಿ ಮತ್ತು ಸಂಗಡಿಗರು ಲ್ಯಾಕ್ಟಿಕ್ ಮತ್ತು ಗ್ಲೈಕಾಲಿಕ್ ಆಮ್ಲಗಳ ಸಹಪಾಲಿಮರನ್ನು 5.5 ಮೆಗಾಪಾಸ್ಕಲ್ ಒತ್ತಡದಲ್ಲಿ, ಕೋಣೆಯ ತಾಪಮಾನದಲ್ಲಿ, 72 ಗಂಟೆ ಇಟ್ಟು ಶೇ 93ರವರೆಗೆ ರಂಧ್ರಗಳಿರುವ ಸ್ಪಂಜು ಮಾಡಿದರು. ಅದು ಹರಳುಗಟ್ಟದ ಪಾಲಿಮರ್, ಅದಕ್ಕೇ ಸುಲಭವಾಗಿ ಉಬ್ಬಿತು. ಅದೇ ಉಪಾಯವನ್ನು ಶುದ್ಧ ಎಲ್ ರೂಪದ ಪಿಎಲ್‌ಎ ಮೇಲೆ ಪ್ರಯೋಗಿಸಿದಾಗ ಏನಾಗುತ್ತದೆ ಎಂಬುದನ್ನು ಒಮ್ಮೆ ಕಣ್ಣಾರೆ ಕಂಡರೆ ಮರೆಯಲು ಆಗುವುದಿಲ್ಲ. ಗಾಜಿನಂತೆ ತಿಳಿಯಾದ ಬಿಲ್ಲೆಯನ್ನು ಒತ್ತಡದ ಪಾತ್ರೆಗೆ ಹಾಕಿ ಬೋಲ್ಟು ಬಿಗಿದು ಮೂರು ದಿನ ಕಾದು, ಕವಾಟ ತೆರೆದು, ಸುಂಯ್ ಎಂಬ ಸದ್ದು ನಿಂತ ಮೇಲೆ ಮುಚ್ಚಳ ಎತ್ತಿದರೆ, ಉಬ್ಬದೇ ಇರುವ, ಪಿಂಗಾಣಿಯಂತೆ ಬೆಳ್ಳಗಿರುವ ಬಿಲ್ಲೆ ಕೈಗೆ ಬರುತ್ತದೆ. ಕಾಯಿಸಿಲ್ಲ, ಕರಗಿಸಿಲ್ಲ, ಆದರೂ ಹರಳುಗಟ್ಟಿದೆ.

ಕಾರಣ ಇಷ್ಟೇ. ಒಳಹೊಕ್ಕ ಅನಿಲ ಸರಪಳಿಗಳ ನಡುವೆ ಎಣ್ಣೆ ಬಿಟ್ಟಂತೆ ಕೆಲಸ ಮಾಡಿ, 60 ಡಿಗ್ರಿಯಲ್ಲಿ ಸಡಿಲವಾಗಬೇಕಾದ ಗಾಜಿನ ಸ್ಥಿತಿಯನ್ನು ಕೋಣೆಯ ತಾಪಮಾನಕ್ಕೇ ಇಳಿಸುತ್ತದೆ. ಸಡಿಲವಾದ ಸರಪಳಿಗಳು ಅಲ್ಲಿಯೇ ಮಡಿಕೆಯಾಗಿ ಕೂರಲು ತೊಡಗುತ್ತವೆ. ಹರಳಿನೊಳಗೆ ಅನಿಲಕ್ಕೆ ಜಾಗವಿಲ್ಲದ್ದರಿಂದ, ಹರಳು ಬೆಳೆದಷ್ಟೂ ಅದು ಅನಿಲವನ್ನು ಹೊರಗೆ ತಳ್ಳುತ್ತದೆ. ಒತ್ತಡ ಇಳಿಸುವ ಹೊತ್ತಿಗೆ ಉಬ್ಬಿಸಲು ಸಾಕಷ್ಟು ಅನಿಲವೂ ಇರುವುದಿಲ್ಲ, ಉಬ್ಬಲು ಗೋಡೆ ಮೆದುವಾಗಿಯೂ ಇರುವುದಿಲ್ಲ. ಹಾಗೆಂದು ಹರಳೇ ಬೇಡ ಎನ್ನುವಂತೆಯೂ ಇಲ್ಲ. ಕರಗಿದ ಪಿಎಲ್‌ಎಗೆ ಎಳೆದರೆ ತಡೆಯುವ ಶಕ್ತಿ ಕಡಿಮೆ, ಗುಳ್ಳೆಗಳು ದೊಡ್ಡದಾಗುತ್ತ ಹೋಗಿ ಗೋಡೆ ಹರಿದು ಒಂದರೊಳಗೊಂದು ಸೇರಿಕೊಳ್ಳುತ್ತವೆ, ಕೊನೆಗೆ ಎಲ್ಲ ಕುಸಿಯುತ್ತದೆ. ಅಲ್ಲಲ್ಲಿ ಸಣ್ಣ ಸಣ್ಣ ಹರಳುಗಳು ಮೊದಲೇ ಇದ್ದರೆ ಅವು ಸರಪಳಿಗಳನ್ನು ಗಂಟು ಹಾಕಿದಂತೆ ಹಿಡಿದಿಡುತ್ತವೆ. ಅಷ್ಟೇ ಅಲ್ಲ, ಹರಳು ಹೊರತಳ್ಳಿದ ಅನಿಲ ಅದರ ಅಂಚಿನಲ್ಲೇ ದಟ್ಟವಾಗುವುದರಿಂದ ಗುಳ್ಳೆ ಏಳಲು ಆ ಅಂಚೇ ಪ್ರಶಸ್ತ ಜಾಗವಾಗುತ್ತದೆ. ಸಣ್ಣ ಹರಳುಗಳು ಎಷ್ಟು ಹೆಚ್ಚೋ ಗುಳ್ಳೆಗಳೂ ಅಷ್ಟು ಹೆಚ್ಚು, ಅಷ್ಟು ಚಿಕ್ಕವು. ಗುಳ್ಳೆ ಹಿಗ್ಗುವಾಗ ಗೋಡೆ ಎರಡೂ ದಿಕ್ಕಿಗೆ ಎಳೆದುಕೊಂಡು ಸರಪಳಿಗಳು ಸಾಲುಗಟ್ಟುತ್ತವೆ, ಆ ಎಳೆತವೇ ಇನ್ನಷ್ಟು ಹರಳು ತರಿಸಿ ಗೋಡೆಯನ್ನು ಆ ಕ್ಷಣಕ್ಕೆ ಗಟ್ಟಿ ಮಾಡುತ್ತದೆ.

ಮೈಸೂರು ಪಾಕ್ ಮಾಡಿ ಕೈ ಪಳಗಿದವರಿಗೆ ಇದನ್ನೆಲ್ಲ ವಿವರಿಸುವ ಅಗತ್ಯ ನನಗೆ ಎಂದೂ ಬಿದ್ದಿಲ್ಲ. ಕುದಿಯುವ ಪಾಕಕ್ಕೆ ಕಾದ ತುಪ್ಪ ಹುಯ್ದಾಗ ನೀರು ಹಬೆಯಾಗಿ ಬುಸುಬುಸು ಉಬ್ಬುವುದೂ, ಸಕ್ಕರೆ ಹರಳುಗಟ್ಟಿ ಆ ಗೂಡುಗಳನ್ನು ಹಿಡಿದು ನಿಲ್ಲಿಸುವುದೂ ಹೆಚ್ಚುಕಡಿಮೆ ಒಂದೇ ನಿಮಿಷದಲ್ಲಿ ಆಗಬೇಕು. ಮೊದಲೇ ಇಳಿಸಿದರೆ ಗೂಡು ಕಟ್ಟದ ಮುದ್ದೆ, ತಡವಾದರೆ ಹಲ್ಲಿಗೆ ಬಗ್ಗದ ಹಲಗೆ. ನಮ್ಮ ಅತ್ತೆ ಬಾಣಲೆಯ ಅಂಚನ್ನು ನೋಡಿ ಆ ನಿಮಿಷವನ್ನು ಹಿಡಿಯುತ್ತಾರೆ. ನಮಗೆ ಒತ್ತಡದ ಪಾತ್ರೆಯೊಳಗೆ ಇಣುಕಲು ಕಿಟಕಿಯಿಲ್ಲ, ಆದ್ದರಿಂದ ನೆನೆಸುವ ಕಾಲ, ತಾಪಮಾನ, ಒತ್ತಡ ಇಳಿಸುವ ವೇಗ ಇವುಗಳನ್ನೇ ತಿರುಗಿಸಿ ತಿರುಗಿಸಿ ಹದ ಹುಡುಕಬೇಕಾಗುತ್ತದೆ.

ಈ ಹದವನ್ನು ಅತ್ಯಂತ ಚೊಕ್ಕವಾಗಿ ಬಳಸಿಕೊಂಡ ಉದಾಹರಣೆ ಎಂದು ನಾನು ಹೇಳುವುದು ಟೊರಾಂಟೊ ವಿಶ್ವವಿದ್ಯಾಲಯದ ಚುಲ್ ಪಾರ್ಕ್ ಅವರ ಗುಂಪಿನ ಕೆಲಸವನ್ನು. ಥರ್ಮೋಕೋಲಿನ ಮಣಿಗಳಂತೆ ಪಿಎಲ್‌ಎ ಮಣಿಗಳನ್ನು ಉಬ್ಬಿಸಿ, ಅಚ್ಚಿನಲ್ಲಿ ತುಂಬಿ, ಹಬೆ ಹಾಯಿಸಿ ಒಂದಕ್ಕೊಂದು ಅಂಟಿಸಬೇಕು ಎಂದುಕೊಳ್ಳಿ. ಅಂಟಬೇಕಾದರೆ ಮೇಲ್ಮೈ ಕರಗಬೇಕು, ಕರಗಿದರೆ ಮಣಿ ಕುಸಿಯುತ್ತದೆ. ಅವರು ಅನಿಲ ನೆನೆಸುವ ಹಂತದಲ್ಲಿಯೇ ಕರಗುವ ತಾಪಮಾನದ ಹತ್ತಿರ ಮಣಿಗಳನ್ನು ಬಹಳ ಹೊತ್ತು ಇಟ್ಟು, ಒತ್ತಾಗಿ ಕೂತ, ಹೆಚ್ಚು ತಾಪಕ್ಕೆ ಕರಗುವ ಒಂದು ಪಂಗಡದ ಹರಳನ್ನು ಬೆಳೆಸಿದರು. ಉಬ್ಬಿಸಿ ತಣಿಸುವಾಗ ಅಷ್ಟು ಅಚ್ಚುಕಟ್ಟಲ್ಲದ, ಬೇಗ ಕರಗುವ ಇನ್ನೊಂದು ಪಂಗಡ ತಾನಾಗಿ ಬರುತ್ತದೆ. ಡಿಎಸ್‌ಸಿಯಲ್ಲಿ ಎರಡು ಶಿಖರಗಳು ಕಾಣುತ್ತವೆ. ಹಬೆಯ ತಾಪಮಾನವನ್ನು ಆ ಎರಡು ಶಿಖರಗಳ ನಡುವೆ ಇಟ್ಟರೆ, ಬೇಗ ಕರಗುವ ಪಂಗಡ ಕರಗಿ ಮಣಿಗಳನ್ನು ಬೆಸೆಯುತ್ತದೆ, ಒತ್ತಾಗಿ ಕೂತ ಪಂಗಡ ಕರಗದೆ ಗುಳ್ಳೆಗಳನ್ನು ಕಾಯುತ್ತದೆ. ಪಾಲಿಪ್ರೊಪಿಲೀನ್ ಮಣಿಗಳಲ್ಲಿ ಹಿಂದಿನಿಂದ ಬಳಕೆಯಲ್ಲಿದ್ದ ತತ್ತ್ವವನ್ನೇ ಅವರು ನಿಧಾನವಾಗಿ ಹರಳುಗಟ್ಟುವ ಪಿಎಲ್‌ಎಗೆ ಒಗ್ಗಿಸಿದ್ದು.

ಹರಳಿನ ಬೀಜವನ್ನು ಹೊರಗಿನಿಂದ ಹಾಕುವ ದಾರಿಯೂ ಇದೆ. ಪ್ಯಾಕಿಂಗ್ ಉದ್ಯಮದವರು ಟಾಲ್ಕ್ ಪುಡಿ ಹಾಕುತ್ತಾರೆ, ಶೇ 1 ಬೆರೆಸಿದರೂ ಹರಳುಗಟ್ಟುವ ಕಾಲ ಬಹಳ ತಗ್ಗುತ್ತದೆ. ದೇಹದೊಳಗೆ ಹೋಗುವ, ಅಲ್ಲಿಯೇ ಕರಗಬೇಕಾದ ವಸ್ತುವಿಗೆ ಎಂದಿಗೂ ಕರಗದ ಕಲ್ಲುಪುಡಿ ಹಾಕುವುದನ್ನು ನಾನು ಒಪ್ಪುವುದಿಲ್ಲ. ಅದಕ್ಕಿಂತ ಸೊಗಸಾದ ಬೀಜ ಪಿಎಲ್‌ಎಯ ಪ್ರತಿಬಿಂಬವೇ, ಅಂದರೆ ಶುದ್ಧ ಡಿ ರೂಪದ ಸರಪಳಿ. ಜಪಾನಿನ ಇಕಾಡಾ ಮತ್ತು ಸಂಗಡಿಗರು 1987ರಲ್ಲಿ ತೋರಿಸಿದಂತೆ, ಎಲ್ ಸರಪಳಿಯೂ ಡಿ ಸರಪಳಿಯೂ ಜೊತೆಗೂಡಿ ಕಟ್ಟುವ ಹರಳು 230 ಡಿಗ್ರಿಯ ಹತ್ತಿರದವರೆಗೆ ಕರಗುವುದಿಲ್ಲ. ಒಂದೇ ಸರಪಳಿಯೊಳಗೆ ಚೆಲ್ಲಾಪಿಲ್ಲಿಯಾಗಿ ಸೇರಿದರೆ ಹರಳನ್ನು ಕೆಡಿಸುವ ಡಿ, ಬೇರೆ ಸರಪಳಿಯಾಗಿ ಬಂದರೆ ಹರಳಿಗೆ ಬೀಜವಾಗುತ್ತದೆ. ಕೆಲವೇ ಶೇಕಡಾ ಬೆರೆಸಿ 190 ಡಿಗ್ರಿಯಲ್ಲಿ ಕರಗಿಸಿದರೆ ಉಳಿದದ್ದೆಲ್ಲ ದ್ರವವಾದರೂ ಈ ಬೀಜಗಳು ಹಾಗೇ ಉಳಿದಿರುತ್ತವೆ, ತಣಿಯುವಾಗ ಪ್ರತಿಯೊಂದರ ಸುತ್ತ ಹರಳು ಎದ್ದುಬರುತ್ತದೆ. ಬೀಜವೂ ಅದೇ ಪಾಲಿಮರ್, ಕಾಲ ಬಂದಾಗ ಅದೂ ಕರಗಿ ಲ್ಯಾಕ್ಟಿಕ್ ಆಮ್ಲವೇ ಆಗುತ್ತದೆ.

ದ್ರಾವಣವನ್ನು ಹೆಪ್ಪುಗಟ್ಟಿಸಿ ರಂಧ್ರ ಮಾಡುವ ವಿಧಾನದಲ್ಲಿ ಎರಡು ಬಗೆಯ ಹರಳುಗಳನ್ನು ಕಾಯಬೇಕು. ಡೈಆಕ್ಸೇನ್ 11.8 ಡಿಗ್ರಿಯಲ್ಲೇ ಹೆಪ್ಪುಗಟ್ಟುತ್ತದೆ. ಅದರಲ್ಲಿ ಕರಗಿಸಿದ ಪಾಲಿಮರನ್ನು ತಣಿಸಿದಾಗ ದ್ರಾವಕದ ಹರಳುಗಳು ಬೆಳೆಯುತ್ತ ಪಾಲಿಮರನ್ನು ಪಕ್ಕಕ್ಕೆ ತಳ್ಳುತ್ತವೆ, ಆಮೇಲೆ ನಿರ್ವಾತದಲ್ಲಿ ಅವು ಆವಿಯಾಗಿ ಹೋದರೆ ಅವುಗಳ ಆಕಾರವೇ ರಂಧ್ರವಾಗಿ ಉಳಿಯುತ್ತದೆ. ಟೆಟ್ರಾಹೈಡ್ರೋಫ್ಯುರಾನ್ ಮಾತ್ರ ಸೊನ್ನೆಗಿಂತ ನೂರು ಡಿಗ್ರಿ ಕೆಳಗಿಳಿದರೂ ಹೆಪ್ಪುಗಟ್ಟದ ದ್ರಾವಕ. ಅದರಲ್ಲಿ ಕರಗಿದ ಎಲ್ ರೂಪದ ಪಿಎಲ್‌ಎಯನ್ನು ಫ್ರೀಜರಿನಲ್ಲಿಟ್ಟರೆ ದ್ರಾವಕ ದ್ರವವಾಗಿಯೇ ಇದ್ದು ಪಾಲಿಮರ್ ಜೆಲ್ಲಿಯಾಗುತ್ತದೆ. ಮಿಷಿಗನ್ ವಿಶ್ವವಿದ್ಯಾಲಯದ ಪೀಟರ್ ಮಾ ಮತ್ತು ಝಾಂಗ್ 1999ರಲ್ಲಿ ಹೀಗೆ 50ರಿಂದ 500 ನ್ಯಾನೋಮೀಟರ್ ದಪ್ಪದ ಎಳೆಗಳ ಜಾಲವನ್ನು ಪಡೆದರು. ನಮ್ಮ ಅಂಗಾಂಶಗಳಲ್ಲಿರುವ ಕೊಲಾಜೆನ್ ಎಳೆಗಳ ಗಾತ್ರವೂ ಇದೇ. ಜೆಲ್ಲಿ ಮಾಡುವ ತಾಪಮಾನ ಹೆಚ್ಚಿದರೆ ಎಳೆಗಳ ಬದಲು ಎಲೆಯಾಕಾರದ ಚಪ್ಪಟೆ ಹರಳುಗಳು ಬರುತ್ತವೆ.

ಬೇರೆ ಪಾಲಿಮರುಗಳ ಬಗ್ಗೆ ಎರಡು ಮಾತು ಸಾಕು. ಪಾಲಿಕ್ಯಾಪ್ರೊಲ್ಯಾಕ್ಟೋನಿನ ಗಾಜಿನ ಸ್ಥಿತಿ ಸೊನ್ನೆಗಿಂತ 60 ಡಿಗ್ರಿ ಕೆಳಗಿರುವುದರಿಂದ ಅದು ಕೋಣೆಯ ತಾಪಮಾನದಲ್ಲಿ ಹರಳುಗಟ್ಟುವುದನ್ನು ತಡೆಯುವುದು ಹೆಚ್ಚುಕಡಿಮೆ ಅಸಾಧ್ಯ. ಬ್ಯಾಕ್ಟೀರಿಯಾಗಳೇ ತಯಾರಿಸುವ, 1926ರಲ್ಲಿ ಫ್ರಾನ್ಸಿನ ಮೋರಿಸ್ ಲೆಮೊಯ್ನ್ ಗುರುತಿಸಿದ ಪಾಲಿಹೈಡ್ರಾಕ್ಸಿಬ್ಯುಟಿರೇಟ್ ಇನ್ನೂ ಕಷ್ಟದ ಆಸಾಮಿ: ಅದು ತಯಾರಾಗಿ ಕಪಾಟಿನಲ್ಲಿ ಕೂತ ಮೇಲೂ ಒಳಗೊಳಗೇ ಹರಳುಗಟ್ಟುತ್ತ ಹೋಗಿ, ತಿಂಗಳುಗಳಲ್ಲಿ ಹಪ್ಪಳದಂತೆ ಮುರಿಯುವಷ್ಟು ಪೆಡಸಾಗುತ್ತದೆ.

ಇಷ್ಟೆಲ್ಲ ಪಾಡುಪಟ್ಟು ಹರಳನ್ನು ತರಿಸಿದ ಮೇಲೆ ಅದು ಕೊನೆಗೆ ಕರಗಬೇಕಲ್ಲ ಎಂಬ ಪ್ರಶ್ನೆ ಉಳಿಯುತ್ತದೆ. ನೀರು ಮೊದಲು ಹೊಗುವುದು ಗೋಜಲು ಭಾಗಕ್ಕೆ. ಅಲ್ಲಿ ಸರಪಳಿಗಳು ತುಂಡಾಗುತ್ತವೆ, ತುಂಡಾದವು ಹಗುರವಾಗಿ ಅಲುಗಾಡಿ ಪಕ್ಕದ ಹರಳಿಗೆ ಸೇರಿಕೊಳ್ಳುವುದೂ ಉಂಟು, ಆದ್ದರಿಂದ ಕರಗುತ್ತಿರುವ ವಸ್ತುವಿನಲ್ಲಿ ಹರಳಿನ ಪಾಲು ಏರುತ್ತ ಹೋಗುತ್ತದೆ. ನೆದರ್ಲೆಂಡ್ಸಿನ ಗ್ರೋನಿಂಗನ್‌ನಲ್ಲಿ ಕೆನ್ನೆಮೂಳೆ ಮುರಿದವರಿಗೆ ಹರಳಿನ ಪ್ರಮಾಣ ಬಹಳ ಹೆಚ್ಚಿದ್ದ ಎಲ್ ರೂಪದ ಪಿಎಲ್‌ಎಯ ಪಟ್ಟಿ ಮತ್ತು ಸ್ಕ್ರೂಗಳನ್ನು ಹಾಕಿದ್ದರು. ಮೂಳೆ ಚೆನ್ನಾಗಿಯೇ ಕೂಡಿತು, ಆದರೆ ಸುಮಾರು ಮೂರು ವರ್ಷಗಳ ನಂತರ ಕೆಲವರು ಅದೇ ಜಾಗದಲ್ಲಿ ಊತ ಬಂದಿದೆ ಎಂದು ಮರಳಿ ಬಂದರು. ತೆಗೆದು ನೋಡಿದಾಗ ಸಿಕ್ಕಿದ್ದು ಕರಗದೆ ಉಳಿದ ಹರಳಿನ ಚೂರುಗಳು, 5.7 ವರ್ಷ ಕಳೆದವರಲ್ಲೂ ಅವು ಉಳಿದಿದ್ದವು. 1995ರಲ್ಲಿ ಪ್ರಕಟವಾದ ಆ ವರದಿಯನ್ನು ನಾನು ನನ್ನ ಪ್ರತಿ ವಿದ್ಯಾರ್ಥಿಗೂ ಮೊದಲ ವಾರವೇ ಓದಿಸುತ್ತೇನೆ. ಹರಳಿನ ಪ್ರಮಾಣವನ್ನು ಏರಿಸಿದ್ದೇನೆ ಎಂದು ಹೆಮ್ಮೆಯಿಂದ ಹೇಳುವ ಪ್ರಬಂಧಗಳು ಹೇರಳವಾಗಿವೆ, ಏರಿಸಿದ ಹರಳು ಎಷ್ಟು ವರ್ಷ ಉಳಿಯುತ್ತದೆ ಎಂದು ಕಾದು ಕೂತು ಅಳೆದವು ಕಡಿಮೆ.

ಹರಳು ಇಲ್ಲದಿದ್ದರೆ ಬರುವ ತಾಪತ್ರಯವೂ ಸಣ್ಣದಲ್ಲ. ಎರಡು ವರ್ಷಗಳ ಹಿಂದೆ ಏಪ್ರಿಲ್ ಕೊನೆಯಲ್ಲಿ ಬೆಂಗಳೂರಿನಿಂದ ಕಲಬುರಗಿಯ ಗೆಳೆಯರಿಗೆ ಜೀವಕೋಶ ಪರೀಕ್ಷೆಗಾಗಿ ಒಂದು ಡಬ್ಬಿ ಸ್ಪಂಜು ಕಳಿಸಿದ್ದೆ, ಎಲ್ಲವೂ ಹರಳಿಲ್ಲದ ಜಾತಿಯವು, 50 ಡಿಗ್ರಿಯ ಹತ್ತಿರವೇ ಸಡಿಲವಾಗುವಂಥವು. ಆ ಸೀಮೆಯ ಬೇಸಿಗೆ ನೆರಳಿನಲ್ಲೇ 42 ಮುಟ್ಟುತ್ತದೆ, ಮುಚ್ಚಿದ ವ್ಯಾನಿನೊಳಗೆ ಎಷ್ಟಾಗುತ್ತದೆ ಎಂದು ನಾನು ಯೋಚಿಸಿರಲಿಲ್ಲ. ಗೆಳೆಯರು ಫೋನಿನಲ್ಲಿ ಕಳಿಸಿದ ಚಿತ್ರದಲ್ಲಿ ಡಬ್ಬಿಯ ತಳಕ್ಕೆ ಅಂಟಿಕೊಂಡ ಒಣದ್ರಾಕ್ಷಿಗಳಂಥ ಹನ್ನೆರಡು ತುಣುಕುಗಳು ಕಂಡವು. ಕ್ರಿಮಿಶುದ್ಧಿ ಮಾಡುವಾಗಲೂ ಇದೇ ಎಚ್ಚರ ಬೇಕು. 121 ಡಿಗ್ರಿ ಹಬೆಯ ಆಟೋಕ್ಲೇವ್ ಈ ಜಾತಿಗೆ ಸಲ್ಲದು, ಗಾಮಾ ಕಿರಣ ಸರಪಳಿಗಳನ್ನು ತುಂಡರಿಸುತ್ತದೆ. ಈಗ ನಾನು ಕಳಿಸುವ ಸ್ಪಂಜುಗಳೆಲ್ಲ, ಉಪ್ಪು ಒಳಗಿರುವಾಗಲೇ ಕಾಯಿಸಿ ಶೇ 15ರ ಸುಮಾರು ಹರಳು ತರಿಸಿದವು. ಕಲಬುರಗಿ ಮುಟ್ಟುವಷ್ಟು ಬಲ ಬರಲಿ, ದೇಹದಲ್ಲಿ ಐದು ವರ್ಷ ಉಳಿಯುವಷ್ಟು ಬೇಡ ಎಂಬುದು ಆ ಅಂಕಿಯ ಹಿಂದಿನ ಲೆಕ್ಕ.

ಆ ಲೆಕ್ಕ ಸರಿಯೇ ಎಂಬುದು ಈಗ ಪರೀಕ್ಷೆಯಲ್ಲಿದೆ. 37 ಡಿಗ್ರಿಯ ಕಾವುಪೆಟ್ಟಿಗೆಯಲ್ಲಿ, ಫಾಸ್ಫೇಟ್ ದ್ರಾವಣ ತುಂಬಿದ ಸೀಸೆಗಳಲ್ಲಿ ನಲವತ್ತು ತುಂಡುಗಳು ಮುಳುಗಿ ಕೂತಿವೆ, ವಾರಕ್ಕೊಮ್ಮೆ ದ್ರಾವಣ ಬದಲಿಸುತ್ತೇವೆ. ಕಳೆದ ಸೋಮವಾರ 26ನೆಯ ವಾರದ ಎರಡು ತುಂಡುಗಳನ್ನು ತೆಗೆದು ಒಣಗಿಸಿ ತೂಗಿದೆವು. ತೂಕದಲ್ಲಿ ಹೇಳಿಕೊಳ್ಳುವಂಥ ಇಳಿಕೆಯಿಲ್ಲ, ಡಿಎಸ್‌ಸಿಯಲ್ಲಿ ಹರಳಿನ ಪಾಲು ಮಾತ್ರ ಮೊದಲಿಗಿಂತ ಮೇಲಿದೆ, ಮತ್ತು ಇಕ್ಕಳದಲ್ಲಿ ಎತ್ತಿದಾಗ ಒಂದು ತುಂಡಿನ ಅಂಚು ಕೊಬ್ಬರಿಮಿಠಾಯಿಯಂತೆ ಉದುರಿತು. ಉದುರಿದ ಪುಡಿಯನ್ನು ಬೇರೆ ತಟ್ಟೆಯಲ್ಲಿ ಎತ್ತಿಟ್ಟಿದ್ದೇವೆ. ಅದರಲ್ಲಿ ಹರಳೆಷ್ಟು, ಗೋಜಲೆಷ್ಟು ಎಂದು ಗುರುವಾರ ಯಂತ್ರ ಖಾಲಿಯಾದಾಗ ನೋಡಬೇಕು.